ಬೆನ್ನಿನ ಹೊಲಿಗೆ

ಶಾಲೆಯ ಬ್ಯಾಂಡಿನ ಹಿಂದೆ ಓಡಾಡುವ ಅಪ್ಪ ಅಮ್ಮಂದಿರೆಲ್ಲ ಸೇರಿ ತಮ್ಮಲ್ಲೊಬ್ಬಳಾದ ಅವಳಿಗೆ ಪಾದರಸ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರದ್ದೇನೂ ತಪ್ಪಿಲ್ಲ. ಕುರ್ಚಿ ಕೊಟ್ಟರೆ ತುದಿಯಲ್ಲಿ ಕೂರುವಳು. ಕೂತ ಮರುಗಳಿಗೆ ಕುರ್ಚಿಯ ಕಾಲು ಅಲ್ಲಾಡುತ್ತದೆಂದು ಎದ್ದು, ಅದರಡಿಗೆ ಕಾಗದ ಮಡಚಿ ತುರುಕುವಳು. ಬೇಕರಿಯವನು ತನ್ನ ಬ್ರೆಡ್ಡಿನ ವ್ಯಾನಿನಲ್ಲಿ ವಾದ್ಯಗಳನ್ನು ತಂದಿಳಿಸಿ ಬೆಂಚಿಗೆ ಒರಗಿಬಿಡುತ್ತಿದ್ದ. ನರ್ಸಮ್ಮ ಮಕ್ಕಳಿಗೆಲ್ಲ ನೀರು ಕೊಟ್ಟು ಗೋಡೆ ಪಕ್ಕ ತೂಕಡಿಸುತ್ತಿದ್ದಳು. ಪಾದರಸ ಮಾತ್ರ ಅಭ್ಯಾಸ ಮುಗಿಯುವ ತನಕ ಯಾರದೋ ಶೂ ಲೇಸು ಕಟ್ಟುತ್ತಾ, ಯಾರದೋ ಕಾಲರು ತಿದ್ದುತ್ತಾ ಸುತ್ತುತ್ತಲೇ ಇರುತ್ತಿದ್ದಳು.

“ಅಕ್ಕಾ, ನೀವು ಕೂತ್ರೆ ನಮ್ಗೆ ಸುಸ್ತು ಕಡಿಮೆ ಆಗುತ್ತೆ,” ಎಂದು ಬೇಕರಿಯವನು ಕೈಮುಗಿದು ನೋಡಿದ. ಉಪಯೋಗವಾಗಲಿಲ್ಲ.

ಹೊಲಿಗೆಯಲ್ಲಿ ಅವಳದ್ದು ಎತ್ತಿದ ಕೈ. ಮುಖ್ಯ ರಸ್ತೆಯ ಹಿಂದಿನ ಬೀದಿಯಲ್ಲಿ ಅವಳದ್ದೊಂದು ಮಳಿಗೆ. ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ. ಮದುವೆಗೆ, ಸಂದರ್ಶನಕ್ಕೆ, ಫೋಟೊಗೆ ಕೋಟು ಬೇಕಾದವರು ಹುಡುಕಿಕೊಂಡು ಬರುತ್ತಿದ್ದರು. ಅವಳ ಕೋಟು ತೊಟ್ಟರೆ ಹೊಟ್ಟೆ ಇದ್ದವನೂ ಇಲ್ಲದವನಂತೆ ಕಾಣಬೇಕು, ಅದು ಅವಳ ಹಟ. ಹಾಗಾಗಿ ಬಂದವರನ್ನೆಲ್ಲ ಉಸಿರು ಪೂರ್ತಿ ಬಿಡಿಸಿ, ನೆಟ್ಟಗೆ ನಿಲ್ಲಿಸಿಯೇ ಟೇಪು ಬಿಗಿಯುತ್ತಿದ್ದಳು. ಶಾಲೆಗಳ ಸ್ಪರ್ಧೆಗೆಂದು ಬ್ಯಾಂಡಿಗೆ ಹೊಸ ಕೋಟು ಹೊಲಿಸುವ ಮಾತು ಬಂದಾಗ ಉಳಿದವರು ಬಾಯಿ ತೆರೆಯುವ ಮೊದಲೇ ಇವಳು ಕೈಯೆತ್ತಿಯಾಗಿತ್ತು. ಮಕ್ಕಳನ್ನೂ ಮದುವೆ ಗಂಡುಗಳ ಹಾಗೆಯೇ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಅಳತೆ ತೆಗೆದಳು.

ಮೊದಲ ಕೋಟು ಬ್ಯಾಂಡಿನಲ್ಲೇ ಇದ್ದ ಅವಳ ಮಗಳದ್ದು. ಕಡುನೀಲಿ ಬಟ್ಟೆ, ಬೆಳ್ಳಿ ಬಣ್ಣದ ಗುಂಡಿ. ಉಳಿದ ಕೋಟುಗಳನ್ನು ಹೊಲಿದ ಹಾಗೆಲ್ಲ ಒಮ್ಮೆ ತೊಡಿಸಿ ನೋಡಿ, ಕಲೆಯಾದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮಗಳಿಗೆ ಮಾತ್ರ ದಿನಾ ಅಭ್ಯಾಸಕ್ಕೆ ಅದನ್ನೇ ತೊಟ್ಟು ಹೋಗಲು ಹೇಳಿದಳು. ಮೈಗೆ ಒಗ್ಗಲಿ ಎಂಬುದು ಬಾಯಿಮಾತು; ನಾಲ್ಕು ಜನ ನೋಡಲಿ ಎಂಬುದು ಒಳಗಿನ ಮಾತು. ನಾಲ್ಕು ಜನ ನೋಡಿದರು, ಹೊಗಳಿದರು. ನರ್ಸಮ್ಮನಂತೂ ನಿದ್ದೆಯಿಂದೆದ್ದು ಬಟ್ಟೆ ಮುಟ್ಟಿ ನೋಡಿದಳು. ಪಾದರಸ ಉಬ್ಬಿಹೋದಳು.

ಅದೇ ದಿನಗಳಲ್ಲಿ ಮಗಳ ಊದುವಿಕೆ ಕೆಟ್ಟಿತು.

ಹುಡುಗಿಯದ್ದು ಟ್ರಂಪೆಟ್. ಸ್ಪರ್ಧೆಗೆಂದು ಕೂಡಿಸಿದ್ದ ಸಂಗೀತದ ತುಣುಕಿನ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಅವಳೊಬ್ಬಳೇ ಹಿಡಿಯಬೇಕಾದ ಉದ್ದ ಸ್ವರವೊಂದಿತ್ತು. ಮೊದಲೆಲ್ಲ ಅದನ್ನು ಸಲೀಸಾಗಿ ಹಿಡಿಯುತ್ತಿದ್ದವಳು ಈಗ ನಡುದಾರಿಯಲ್ಲೇ ಬಿಟ್ಟುಬಿಡುತ್ತಿದ್ದಳು. ಬ್ಯಾಂಡ್ ಮೇಷ್ಟ್ರು ಮೊದಲು ಸಮಾಧಾನ ಹೇಳಿದರು, ಆಮೇಲೆ ಹುಬ್ಬು ಗಂಟಿಕ್ಕಿದರು. ಕೊನೆಗೆ ಅದೇ ಸ್ವರವನ್ನು ಕ್ಲಾರಿನೆಟ್ ಹುಡುಗನಿಗೂ ಕಲಿಸಿಟ್ಟರು. ಸ್ಪರ್ಧೆಯ ದಿನ ವೇದಿಕೆ ಹತ್ತುವ ಮೊದಲು ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತೇನೆ ಎಂದರು.

ಮನೆಯಲ್ಲಿ ಪಾದರಸಕ್ಕೆ ನಿಂತ ಕಡೆ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಎಬ್ಬಿಸಿ ಮೈದಾನ ಸುತ್ತಿಸಿದಳು. ತಟ್ಟೆಗೆ ಎರಡೆರಡು ಸಲ ಬಡಿಸಿದಳು. ನರ್ಸಮ್ಮನ ತಲೆ ತಿಂದು ಎದೆ ಪರೀಕ್ಷೆ ಮಾಡಿಸಿದಳು. ಎದೆ ಗಟ್ಟಿಯಾಗಿದೆ ಎಂದರೂ ಸಮಾಧಾನವಿಲ್ಲ.

“ದಮ್ಮೇ ಇಲ್ವಲ್ಲೇ ನಿಂಗೆ! ಇಷ್ಟು ದಿನ ಕಷ್ಟಪಟ್ಟಿದ್ದು ಆ ಕ್ಲಾರಿನೆಟ್ ಹುಡುಗನಿಗೆ ಬಿಟ್ಕೊಡೋಕಾ?”

ಮಗಳು ಟ್ರಂಪೆಟ್ಟು ಒರೆಸುತ್ತಲೇ ಇರುತ್ತಿದ್ದಳು. ಅದು ತಾಯಿಯನ್ನು ಇನ್ನಷ್ಟು ಕೆರಳಿಸುತ್ತಿತ್ತು. ಸೋಮಾರಿತನವಿರಬಹುದು, ಗೆಳತಿಯರ ಸಹವಾಸವಿರಬಹುದು, ಹೀಗೆ ಅವಳ ಅನುಮಾನ ಊರೆಲ್ಲ ಸುತ್ತಿ ಬಂತು. ತನ್ನ ಮಳಿಗೆಯ ಕಡೆಗೆ ಮಾತ್ರ ತಿರುಗಲಿಲ್ಲ.

ಸ್ಪರ್ಧೆಯ ದಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಎಲ್ಲ ಮಕ್ಕಳೂ ಮೊದಲ ಬಾರಿಗೆ ಒಟ್ಟಿಗೆ ಕೋಟು ತೊಟ್ಟು ಸಾಲಾಗಿ ನಿಂತಾಗ ಪಾದರಸದ ಕಣ್ಣು ತುಂಬಿ ಬಂತು. ಎಲ್ಲೂ ಒಂದು ಸುಕ್ಕಿಲ್ಲ. ಬೇಕರಿಯವನು ಶಿಳ್ಳೆ ಹಾಕಿದ.

“ಅಕ್ಕಾ, ಬಹುಮಾನ ನಿಮ್ಗೇ ಕೊಡ್ಬೇಕು ನೋಡಿ.”

ವೇದಿಕೆ ಹತ್ತುವ ಮೊದಲು ಕೊನೆಯ ಸಲ ನುಡಿಸಿ ನೋಡಲು ಮೇಷ್ಟ್ರು ಕೈಯೆತ್ತಿದರು. ತುಣುಕು ಶುರುವಾಯಿತು, ಶುರುವಾದಷ್ಟೇ ಬೇಗ ಸೊರಗಿತು. ಡೋಲು, ತಾಳ ಎಂದಿನಂತೆ ಗಟ್ಟಿಯಾಗಿದ್ದವು. ಊದುವವರೆಲ್ಲ ಸ್ವರಸಾಲಿನ ಕೊನೆ ಮುಟ್ಟುವ ಮೊದಲೇ ಬಿಕ್ಕುತ್ತಿದ್ದರು. ದೊಡ್ಡ ಕೊಂಬು ಊದುವ ಹುಡುಗನ ಮುಖ ಕೆಂಪೇರಿತ್ತು. ಮಗಳ ಉದ್ದ ಸ್ವರ ಎಂದಿಗಿಂತ ಬೇಗ ಮುರಿಯಿತು. ಮೇಷ್ಟ್ರು ಕ್ಲಾರಿನೆಟ್ ಹುಡುಗನತ್ತ ತಿರುಗಿದರು. ಅವನು ಎದೆ ತುಂಬ ಉಸಿರೆಳೆದದ್ದೇ ತಡ, ಕೋಟಿನ ನಡುವಿನ ಗುಂಡಿ ಪಟ್ಟೆಂದು ಕಿತ್ತುಹೋಯಿತು.

“ಎಲ್ರೂ ಹೆದರ್ಕೊಂಡಿದ್ದೀರಿ,” ಎಂದು ಮೇಷ್ಟ್ರು ಹಣೆ ಒತ್ತಿಕೊಂಡರು. “ನೀರು ಕುಡೀರಿ. ಇನ್ನೊಂದು ಶಾಲೆಯವರು ಮುಗಿಸಿದ ಕೂಡಲೇ ನಾವೇ.”

ಪಾದರಸ ಆಗಲೇ ಸೂಜಿಗೆ ದಾರ ಪೋಣಿಸಿಕೊಂಡು ಹುಡುಗನ ಮುಂದೆ ಮಂಡಿಯೂರಿದ್ದಳು. ಗುಂಡಿ ಇಡಬೇಕಾದ ಜಾಗಕ್ಕೆ ಕೋಟಿನ ಎರಡು ಅಂಚುಗಳು ಕೂಡುತ್ತಿರಲಿಲ್ಲ.

“ಉಸಿರು ಬಿಡು ಮರಿ, ಪೂರ್ತಿ ಬಿಡು,” ಎಂದಳು.

ಹುಡುಗ ಉಸಿರು ಬಿಟ್ಟ. ಅಂಚುಗಳು ಕೂಡಿದವು. ಅವಳ ಕೈ ಅಲ್ಲೇ ನಿಂತಿತು.

ಉಸಿರು ಬಿಟ್ಟು ನಿಂತವರಿಗೆ ಹೊಲಿದ ಕೋಟು. ಇವರೋ ಉಸಿರು ತುಂಬಿಕೊಂಡು ನಿಲ್ಲಬೇಕಾದ ಮಕ್ಕಳು. ಒಬ್ಬರಿಗಾದರೂ ಕೋಟು ತೊಡಿಸಿ ಊದಿಸಿ ನೋಡಿರಲಿಲ್ಲ, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಮೂಲೆಯಲ್ಲಿ ಗೋಡೆ ನೋಡುತ್ತಾ ನಿಂತಿದ್ದಳು. ಇಷ್ಟು ದಿನ ಅವಳನ್ನು ಬೈದ ಒಂದೊಂದು ಮಾತೂ ಈಗ ತಾಯಿಗೇ ತಿರುಗಿ ಬಡಿಯಿತು.

ಎದ್ದು ಹೇಳಿಬಿಟ್ಟಳು. ಮೆಲ್ಲಗಲ್ಲ, ಎಲ್ಲರಿಗೂ ಕೇಳಿಸುವ ಹಾಗೆ.

“ಮೇಷ್ಟ್ರೇ, ಮಕ್ಳು ಹೆದರಿಲ್ಲ. ಕೋಟು ಬಿಗಿ. ತಪ್ಪು ನಂದು. ನನ್ನ ಮಗಳಿಗೂ ದಮ್ಮಿದೆ, ನಾನೇ ಅದನ್ನ ಕಟ್ಟಿಹಾಕಿದ್ದೆ.”

ಬೇಕರಿಯವನು ತನ್ನ ಶಿಳ್ಳೆಯನ್ನು ವಾಪಸ್ಸು ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕೆನ್ನೆ ಕೆರೆದುಕೊಂಡ.

“ಕೋಟು ಬಿಚ್ಚಿಟ್ಟು ಹೋದ್ರೆ?” ಎಂದಳು ನರ್ಸಮ್ಮ.

“ಆಗಲ್ಲಮ್ಮ, ಸಮವಸ್ತ್ರ ಇಲ್ದಿದ್ರೆ ವೇದಿಕೆ ಹತ್ತಿಸಲ್ಲ,” ಎಂದರು ಮೇಷ್ಟ್ರು.

ಪಾದರಸ ಚೀಲದಿಂದ ಬ್ಲೇಡು ತೆಗೆದಳು. “ಊದೋರೆಲ್ಲ ಬೆನ್ನು ತೋರಿಸಿ ನಿಂತ್ಕೊಳ್ಳಿ. ಬೆನ್ನಿನ ಹೊಲಿಗೆ ಬಿಚ್ತೀನಿ. ಮುಂದೆ ಕೂತೋರಿಗೆ ಕಾಣಲ್ಲ.”

ಕೊರಳಪಟ್ಟಿಯ ಕೆಳಗಿಂದ ಸೊಂಟದವರೆಗೆ ಒಂದೇ ಎಳೆತ. ಎಷ್ಟು ಆಸೆಪಟ್ಟು ಹಾಕಿದ ಹೊಲಿಗೆ, ಎಂಥ ಸಣ್ಣ ಹೊಲಿಗೆ! ಹರಿದ ಸದ್ದು ಕೇಳಿಯೂ ಕೈ ತಡೆಯಲಿಲ್ಲ. ನರ್ಸಮ್ಮ ದಾರದ ಎಳೆಗಳನ್ನು ಆರಿಸುತ್ತಾ ಹಿಂದೆಯೇ ಬಂದಳು. ಬೇಕರಿಯವನು ಬಾಗಿಲಲ್ಲಿ ನಿಂತು ವೇದಿಕೆಯ ಸುದ್ದಿ ಕೂಗುತ್ತಿದ್ದ. ಬೆನ್ನು ಬಿಚ್ಚಿದ ಮಕ್ಕಳೆಲ್ಲ ಎದೆ ತುಂಬ ಉಸಿರೆಳೆದು ನೋಡಿ ಕಿಸಕ್ಕನೆ ನಕ್ಕರು.

ಕೊನೆಗೆ ಮಗಳು ಬಂದು ಬೆನ್ನು ತಿರುಗಿಸಿದಳು.

“ಬಿಗಿ ಅಂತ ನಿಂಗೆ ಗೊತ್ತಿರ್ಲಿಲ್ವಾ?” ಎಂದಳು ತಾಯಿ.

“ಗೊತ್ತಿತ್ತು. ಮೊದಲ್ನೇ ದಿನಾನೇ ಹೇಳ್ದೆ. ನೆಟ್ಟಗೆ ನಿಂತ್ಕೋ ಅಂದೆ ನೀನು.”

“ಮತ್ತೆ ಹೇಳ್ಬಾರ್ದಾ?”

“ಎಲ್ರೂ ನಿನ್ನ ಹೊಗಳ್ತಿದ್ರು. ನೀನೆಷ್ಟು ಖುಷಿಯಾಗಿದ್ದೆ ಅಂದ್ರೆ...” ಹುಡುಗಿ ಅಷ್ಟಕ್ಕೇ ನಿಲ್ಲಿಸಿದಳು. “ಆಮೇಲಾಮೇಲೆ ನಂಗೇ ಅನ್ನಿಸೋಕೆ ಶುರುವಾಯ್ತು, ಕೋಟಲ್ಲ, ನಂಗೇ ಬರಲ್ಲ ಅಂತ.”

ಪಾದರಸ ಮಗಳ ಬೆನ್ನಿನ ಹೊಲಿಗೆ ಬಿಚ್ಚಿದಳು.

ಬಾಗಿಲಲ್ಲಿ ಕರೆ ಬಂತು. ಇನ್ನೊಮ್ಮೆ ಊದಿ ನೋಡುವುದಕ್ಕೆ ಸಮಯವಿರಲಿಲ್ಲ. ಪಾದರಸ ಮೇಷ್ಟ್ರ ದಾರಿಗೆ ಅಡ್ಡ ನಿಂತಳು.

“ಆ ಸ್ವರ ಅವಳಿಗೇ ಕೊಡಿ ಮೇಷ್ಟ್ರೇ.”

“ಹೊಲಿಗೆ ಬಿಚ್ಚಿದ್ರಿ, ಸರಿ. ಇಷ್ಟು ದಿನ ಅವಳ ತಲೇಲಿ ಕೂತಿರೋ ಭಯ?” ಎಂದರು ಮೇಷ್ಟ್ರು. “ನಿಮ್ಮನ್ನಲ್ಲ, ಅವಳನ್ನ ಕೇಳ್ತೀನಿ. ಊದ್ತೀಯೇನಮ್ಮ?”

ಆಗುತ್ತೆ ಎಂದು ತಾನೇ ಹೇಳಿಬಿಡಲು ಪಾದರಸದ ನಾಲಿಗೆ ತುರಿಸಿತು. ಕಚ್ಚಿ ಹಿಡಿದಳು. ಮಗಳು ಕ್ಲಾರಿನೆಟ್ ಹುಡುಗನನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ತಾಯಿಯ ಕಡೆ ನೋಡಲೇ ಇಲ್ಲ.

“ಊದ್ತೀನಿ ಸರ್.”

ವೇದಿಕೆಯ ಹಿಂದಿನ ಪರದೆಯ ಬಳಿ ನಿಂತ ತಾಯಿಗೆ ಕಂಡದ್ದು ಬೆನ್ನುಗಳು ಮಾತ್ರ. ಬಾಯಿಬಿಟ್ಟ ನೀಲಿ ಕೋಟು, ನಡುವೆ ಬಿಳಿ ಅಂಗಿ. ಊದುವ ಮೊದಲು ಅಷ್ಟೂ ಬೆನ್ನುಗಳು ಒಟ್ಟಿಗೆ ಅಗಲವಾದವು. ಇದನ್ನು ಅವಳು ಇಷ್ಟು ವರ್ಷದ ಕಸುಬಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ತುಣುಕು ಏರಿತು, ತುಂಬಿತು, ಒಮ್ಮೆಲೇ ಎಲ್ಲ ನಿಂತು ಮಗಳ ಸ್ವರ ಒಂದೇ ಉಳಿಯಿತು. ಅದು ಹೋಯಿತು, ಇನ್ನೂ ಹೋಯಿತು. ಪರದೆಯ ಅಂಚನ್ನು ಹಿಂಡುತ್ತಾ ಪಾದರಸ ಒಂಟಿ ಕಾಲಲ್ಲಿ ನಿಂತಿದ್ದಳು. ಇನ್ನೇನು ಮುಗಿಯಿತೆನ್ನುವಾಗ ಸ್ವರ ಒಂದು ಎಳೆ ನಡುಗಿ ತುಂಡಾಯಿತು. ಮೇಷ್ಟ್ರು ಕೈ ಬೀಸಿದರು, ಉಳಿದವರು ತಟ್ಟನೆ ಎತ್ತಿಕೊಂಡರು, ಬ್ಯಾಂಡು ಮುಂದೆ ಸಾಗಿತು.

ಚಪ್ಪಾಳೆ ಮುಗಿಯುವ ಮೊದಲೇ ಮಗಳು ಓಡಿ ಬಂದಳು. ಮುಖವೆಲ್ಲ ಬೆವರು. ತಾಯಿಯ ಬಾಯಿಗೆ ಎಂದಿನ ಅವಸರ.

“ಸೊಂಟದ ಹತ್ರ ಇನ್ನೂ ಹಿಡೀತಿತ್ತೇನೋ, ಅದನ್ನೂ ಬಿಚ್ಬೇಕಿತ್ತು ನಾನು...”

“ಇಲ್ಲಮ್ಮ, ಎಲ್ಲೂ ಹಿಡೀಲಿಲ್ಲ,” ಎಂದಳು ಮಗಳು ಏದುಸಿರು ಬಿಡುತ್ತಾ. ಎಷ್ಟೋ ದಿನಗಳಿಂದ ಕಾಣದಿದ್ದ ನಗು ಆ ಮುಖದ ತುಂಬ ಇತ್ತು. “ಶುರುವಲ್ಲೇ ಜೋರಾಗಿ ಊದ್ಬಿಟ್ಟೆ, ಅದಕ್ಕೇ ಕೊನೇಲಿ ಸಾಲ್ಲಿಲ್ಲ. ಇದು ನಂದೇ ತಪ್ಪು. ಇದನ್ನ ನಾನೇ ಸರಿಮಾಡ್ಕೋತೀನಿ.”