ಸೊಸೆಯ ಕಂಪ್ಯೂಟರಿಗೆ ಬಂದ ಜ್ವರ

ಆ ಮನೆಯಲ್ಲಿ ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ತೆಗೆಯುವ ಪದ್ಧತಿ ಇರಲಿಲ್ಲ. ಟಿವಿ ರಿಮೋಟು ಅಂಗಡಿಯಿಂದ ಬಂದ ಕವರಿನಲ್ಲೇ ಇತ್ತು. ಗುಂಡಿ ಒತ್ತಲು ಹೆಬ್ಬೆರಳಿಗೆ ಸ್ವಲ್ಪ ಕಸುವು ಬೇಕಿತ್ತು. ಸೋಫಾದಿಂದ ಏಳುವವರೆಲ್ಲ ಪರಪರ ಸದ್ದು ಮಾಡಿಕೊಂಡೇ ಏಳಬೇಕಿತ್ತು. ಫ್ರಿಜ್ಜಿನ ಬಾಗಿಲ ಮೇಲಿನ ನೀಲಿ ಪೊರೆ ಮೂಲೆಯಲ್ಲಿ ಎದ್ದು ಬಂದಾಗ ಅತ್ತೆ ಅದಕ್ಕೆ ಟೇಪು ಹಚ್ಚಿದ್ದರು. ತೆಗೆದರೆ ಹಳೆಯದಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ಒಳಗಿನ ಫ್ರಿಜ್ಜು ಹಳೆಯದಾಗಿ ವರ್ಷಗಳೇ ಆಗಿದ್ದವು, ಆದರೆ ಸಿದ್ಧಾಂತಕ್ಕೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ.

ಸೊಸೆ ಆ ಮನೆಗೆ ಬಂದು ಕೆಲವೇ ತಿಂಗಳಾಗಿತ್ತು. ಜೊತೆಗೆ ತನ್ನ ಕಂಪ್ಯೂಟರನ್ನೂ ತಂದಿದ್ದಳು. ಕಟ್ಟಡದ ನಕ್ಷೆಗಳಿಂದ ಚಲಿಸುವ ಚಿತ್ರ ಮಾಡುವುದು ಅವಳ ಕಸುಬು. ಅದರಲ್ಲಿ ಇನ್ನೂ ಪಾಯವನ್ನೇ ತೋಡದ ಆಸ್ಪತ್ರೆಯ ಮೆಟ್ಟಿಲು ಹತ್ತಿ, ವಾರ್ಡು ಸುತ್ತಿ, ಕಿಟಕಿಯಿಂದ ಹೊರಗೆ ಇಣುಕಿ ಬರಬಹುದು. ಅವಳ ಸ್ಟುಡಿಯೋ ಇದ್ದದ್ದು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದಲ್ಲಿ. ಮನೆಯಿಂದ ಕೆಲಸ ಮಾಡಲು ಅಲ್ಲಿನ ಮೇಡಂ ಒಪ್ಪಿದ್ದರು, ಷರತ್ತಿನ ಮೇಲೆ.

"ಆಸ್ಪತ್ರೆ ಚಿತ್ರ ಶುಕ್ರವಾರ ಸಂಜೆ ನನ್ನ ಕೈಲಿರಬೇಕು. ನಿಮ್ಮನೆ ಕಂಪ್ಯೂಟರ್ ಕೈಲಿ ಆಗಲ್ಲ ಅಂದ್ರೆ ಸೋಮವಾರ ಬಂದು ಇಲ್ಲೇ ಕೂತ್ಕೋ. ನಿನ್ನ ಹಳೇ ಹಾಸ್ಟೆಲ್ ರೂಮು ಇನ್ನೂ ಖಾಲಿ ಇದೆ."

ಆ ರೂಮಿಗೆ ಹಿಂತಿರುಗುವ ಮನಸ್ಸು ಸೊಸೆಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಈ ಮನೆಗೆ ತಾನು ಸೇರಿದವಳೋ, ಬಂದು ಹೋಗುವ ನೆಂಟಳೋ ಎನ್ನುವುದೂ ಅವಳಿಗೆ ಬಗೆಹರಿದಿರಲಿಲ್ಲ. ಅವಳನ್ನು ಯಾರೂ ಬೈಯುತ್ತಿರಲಿಲ್ಲ. ಅತ್ತೆಯ ಗಾಜಿನ ಜಾಡಿಯನ್ನು ಅವಳು ಒಡೆದಾಗ ಅತ್ತೆ, "ಹೋಗ್ಲಿ ಬಿಡಮ್ಮ, ಕಾಲಿಗೆ ಚುಚ್ಚೀತು, ಆ ಕಡೆ ಬಾ" ಎಂದು, ಜಾಡಿಯನ್ನು ಅಲ್ಲಿಟ್ಟ ತಪ್ಪಿಗೆ ಮಗನಿಗೆ ಚೆನ್ನಾಗಿ ಉಗಿದಿದ್ದರು. ಅಲ್ಲಿಟ್ಟವರು ಅತ್ತೆಯೇ. ಬೈಸಿಕೊಂಡು ಹಾಯಾಗಿ ಪೇಪರ್ ಓದಲು ಕೂತ ಗಂಡನನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಗಿತ್ತು.

ಈಗ ಕೆಲಸ ಬೇಗ ಸಾಗಬೇಕಿತ್ತು. ಅವಳು ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದಳು. ಅಂದರೆ, ತಯಾರಿಸಿದವರು ಹೇಳಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಲು ಅದಕ್ಕೆ ತಾಕೀತು ಮಾಡಿದಳು. ಹೆಚ್ಚು ಓಡಿದರೆ ಹೆಚ್ಚು ಬಿಸಿ. ಅದಕ್ಕೆಂದು ದೊಡ್ಡ ಕೂಲರ್ ತರಿಸಿದಳು: ತಾಮ್ರದ ತಳ, ತಾಮ್ರದ ಕೊಳವೆಗಳು, ಪಕ್ಕದಲ್ಲಿ ಫ್ಯಾನು. ಕೂರಿಸಿಕೊಟ್ಟವನು ಗಂಡ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಲೆನ್ಸು ಕೂರಿಸುವವನು, ಸಣ್ಣ ಸ್ಕ್ರೂಗಳು ಅವನ ಮಾತು ಕೇಳುತ್ತಿದ್ದವು. "ನೀನು ಮಲ್ಕೋ, ಇದನ್ನ ನನಗೆ ಬಿಡು" ಎಂದಿದ್ದ. ಬೆಳಿಗ್ಗೆ ನೋಡಿದರೆ ಎಲ್ಲ ಸಿದ್ಧ. ಅವಳಿಗೆ ಗಂಡನ ಮೇಲೆ ಪ್ರೀತಿ ಉಕ್ಕಿತು.

ಕಂಪ್ಯೂಟರ್ ಚಾಲೂ ಮಾಡುವವರೆಗೆ ಉಕ್ಕಿತ್ತು. ಚಿತ್ರದ ಕೆಲಸ ಶುರುವಾದದ್ದೇ ತಡ, ಪರದೆಯ ಮೇಲೆ ಉಷ್ಣತೆ ನೂರು ಡಿಗ್ರಿಗೆ ಹಾರಿತು. ಪ್ರೊಸೆಸರಿಗೂ ಪ್ರಾಣಭಯವಿದೆ, ಅಷ್ಟು ಬಿಸಿಯಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಲ್ಲವರು ಅದನ್ನು ಥ್ರಾಟಲಿಂಗ್ ಎನ್ನುತ್ತಾರೆ. ನೋಡುವವರಿಗೆ ಅದು ಮುಷ್ಕರದ ಹಾಗೆಯೇ ಕಾಣುತ್ತದೆ. ಈ ವೇಗದಲ್ಲಿ ಚಿತ್ರ ಮುಗಿಯುವ ಹೊತ್ತಿಗೆ ಆಸ್ಪತ್ರೆಯನ್ನೇ ಕಟ್ಟಿ ಮುಗಿಸಿರುತ್ತಿದ್ದರು.

ಮನೆಯವರೆಲ್ಲ ಸಹಾಯಕ್ಕೆ ನಿಂತರು. ಮಾವ ಕಿಟಕಿ ತೆರೆದು, ಗಾಳಿ ಬರುತ್ತಿಲ್ಲವೆಂದು ಗಾಳಿಯನ್ನು ಬೈದರು. ಅತ್ತೆ ಟೇಬಲ್ ಫ್ಯಾನ್ ತಂದಿಟ್ಟರು. ಅದು ಕವರಿನೊಳಗೇ ತಿರುಗಿ ಕವರನ್ನು ಮಾತ್ರ ಉಬ್ಬಿಸಿತು. ಗಂಡ ಇನ್ನೊಂದು ಉಷ್ಣತೆಯನ್ನು ಹುಡುಕಿದ.

"ನೋಡು, ಇಲ್ಲಿ ಮೂವತ್ತೆಂಟು ತೋರಿಸ್ತಿದೆ. ನಾರ್ಮಲ್ಲು."

"ರೀ, ಅದು ಬೋರ್ಡಿನ ಬಿಸಿ. ಪ್ರೊಸೆಸರ್ದು ನೂರು."

"ಎರಡರಲ್ಲಿ ಒಳ್ಳೇದನ್ನ ನಂಬೋಣ."

ಅವಳು ನಂಬಲಿಲ್ಲ. ವೋಲ್ಟೇಜು ಇಳಿಸಿದಳು. ನೂರು. ಫ್ಯಾನು ಗಾಳಿ ಊದುವ ದಿಕ್ಕು ನೋಡಿದಳು, ಸರಿಯಿತ್ತು. ಕೊನೆಗೆ ಓವರ್‌ಕ್ಲಾಕನ್ನೇ ತೆಗೆದು ಹಾಕಿದಳು. ಆಗಲೂ ನೂರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅವಳು ಇಷ್ಟು ಹೊತ್ತು ಎಳೆದದ್ದೆಲ್ಲ ಎಮ್ಮೆಗೆ. ತಪ್ಪು ವೇಗದ್ದಲ್ಲ ಎಂದು ಹೊಳೆದಾಗ ಅವಳು ಪೆಟ್ಟಿಗೆಯೊಳಗೆ ಕೈ ಹಾಕಿ ತಾಮ್ರದ ಕೊಳವೆ ಮುಟ್ಟಿದಳು. ತಣ್ಣಗಿತ್ತು. ಒಲೆ ಧಗಧಗ ಉರಿಯುತ್ತಿದೆ, ಮೇಲಿಟ್ಟ ಪಾತ್ರೆಗೆ ಬಿಸಿಯೇ ತಾಗಿಲ್ಲ. ಅಂದರೆ ನಡುವೆ ಏನೋ ಇದೆ.

ಕಂಪ್ಯೂಟರ್ ಆರಿಸಿ, ಸ್ಕ್ರೂ ಬಿಚ್ಚಿ, ಕೂಲರನ್ನು ತಿರುಗಿಸಿ ನೋಡಿದಳು. ತಾಮ್ರದ ತಳದ ಮೇಲೆ ಪಾರದರ್ಶಕ ಪೊರೆ. ಬಿಸಿ ದಾಟಲೆಂದು ಹಚ್ಚಿದ ಬೂದು ಬಣ್ಣದ ಪೇಸ್ಟಿನ ನಡುವೆಯೂ, ಬಳಸುವ ಮುನ್ನ ತೆಗೆಯಿರಿ ಎಂಬ ಸೂಚನೆ ಸ್ಪಷ್ಟವಾಗಿ ಓದಲು ಬರುತ್ತಿತ್ತು.

"ರೀ! ಇದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

ಗಂಡ ಬಗ್ಗಿ ನೋಡಿದ. "ಬಿತ್ತು. ಒಂದು ಕಡೆ ಗುಳ್ಳೆ ಎದ್ದಿತ್ತು. ಬಟ್ಟೆಯಿಂದ ಒತ್ತಿ ಸರಿ ಮಾಡ್ದೆ."

"ಸರಿ ಮಾಡಿದ್ರಾ?"

"ಕನ್ನಡಿ ಥರ ಹೊಳೀತಿತ್ತು ಕಣೇ. ಗೀರು ಬೀಳುತ್ತಲ್ಲ ಅಂತ."

ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಆ ಮನೆಗೆ ಕಾಲಿಟ್ಟಂದಿನಿಂದ ನುಂಗಿಕೊಂಡ ಧ್ವನಿಯೆಲ್ಲ ಒಟ್ಟಿಗೆ ಹೊರಬಂತು. "ಈ ಮನೇಲಿ ಯಾವುದನ್ನಾದ್ರೂ ಬಳಸ್ತೀರಾ, ಇಲ್ಲಾ ಎಲ್ಲಾನೂ ಸುತ್ತಿಟ್ಟು ನೋಡ್ತಾ ಕೂರ್ತೀರಾ? ಶುಕ್ರವಾರ ಇದು ಮುಗೀದಿದ್ರೆ ನಾನು ಹೊರಟೆ ಅಂತ ಗೊತ್ತು ತಾನೇ? ನನ್ನನ್ನೂ ಸುತ್ತಿ ಕಳಿಸಿಬಿಡಿ!"

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಸೆಗೆ ಹಾಸ್ಟೆಲ್ ರೂಮಿನ ಕಿಟಕಿ, ಆಚೆಯ ಗೋಡೆ, ಎಲ್ಲ ಕಣ್ಣಿಗೆ ಕಟ್ಟಿತು. ಅಳು ಬಂತು.

"ಏನಂದೆ?" ಎಂದರು ಅತ್ತೆ. "ಕಳಿಸಿಬಿಡಬೇಕಾ? ಒಂದು ಮಾತು ಜೋರಾಗಿ ಆಡಿದ್ರೆ ಎಲ್ಲಿ ಎದ್ದು ಹೋಗ್ತೀಯೋ ಅಂತ ನಾನು ಬಾಯಿ ಬಿಗಿಹಿಡ್ಕೊಂಡು ಸಾಯ್ತಿದ್ದೀನಿ. ನೀನು ನೋಡಿದ್ರೆ ನನ್ನ ಮಗನ ಮೇಲೇ ಹಾರಾಡ್ತೀಯಾ? ಆ ಜಾಡಿ ನಮ್ಮಮ್ಮ ಕೊಟ್ಟಿದ್ದು, ಗೊತ್ತಾ ನಿಂಗೆ? ಕಣ್ಣೆಲ್ಲಿಟ್ಕೊಂಡಿದ್ದೆ? ಒದ್ದೆ ಟವೆಲ್ಲು ದಿನಾ ಕುರ್ಚಿ ಮೇಲೆ! ಬಚ್ಚಲ ಲೈಟು ಒಂದು ದಿನ ಆರಿಸಿದ್ದುಂಟಾ? ಊಟಕ್ಕೆ ಕರೆದ್ರೆ 'ಬಂದೆ ಅತ್ತೆ' ಅಂತೀಯ, ಬರೋದು ಆರಿದ ಮೇಲೆ!"

ಗಂಡ ಗೋಡೆಗೆ ಒರಗಿ ನಿಂತ. ಪಾಳಿ ಬದಲಾದ ನೆಮ್ಮದಿ ಅವನ ಮುಖದಲ್ಲಿತ್ತು.

ಸೊಸೆ ಕಣ್ಣೊರೆಸಿಕೊಂಡು, ಬೈಗುಳ ಕೇಳುತ್ತಲೇ ಪೊರೆ ಕಿತ್ತಳು, ಹಳೆಯ ಪೇಸ್ಟು ಒರೆಸಿ ಹೊಸದು ಹಚ್ಚಿದಳು, ಕೂಲರ್ ಕೂರಿಸಿದಳು. ಮತ್ತೆ ವೇಗ ಏರಿಸಿ ಕೆಲಸ ಹಚ್ಚಿದಾಗ ಉಷ್ಣತೆ ಅರವತ್ತೆಂಟಕ್ಕೆ ಬಂದು ನಿಂತಿತು. ಅತ್ತೆ ನಿಲ್ಲಲಿಲ್ಲ. ಮರುದಿನವೂ ನೆನಪಾದಾಗಲೆಲ್ಲ ಅಡುಗೆಮನೆಯಿಂದ ಬಂದು ಒಂದೊಂದು ಬಾಕಿ ತೀರಿಸಿ ಹೋಗುತ್ತಿದ್ದರು.

ಶುಕ್ರವಾರ ಸಂಜೆ ಚಿತ್ರ ಹೋಯಿತು. ಸ್ವಲ್ಪ ಹೊತ್ತಿಗೆ ಮೇಡಂ ಫೋನ್ ಮಾಡಿದರು. ಅತ್ತೆ ಆಗಷ್ಟೇ ಬಾಗಿಲಿಗೆ ಬಂದು, ಒಂದು ಮಾತು ಶುರು ಮಾಡಿ, ಫೋನ್ ನೋಡಿ ಅರ್ಧಕ್ಕೆ ನಿಲ್ಲಿಸಿದ್ದರು.

"ಚಿತ್ರ ಚೆನ್ನಾಗಿದೆ. ಅಲ್ಲಿಂದಲೇ ಮಾಡು, ನನ್ನ ಅಭ್ಯಂತರ ಇಲ್ಲ" ಎಂದರು ಮೇಡಂ. "ಆದ್ರೆ ಇಲ್ಲಿಗೆ ಹೊಸ ಮೆಷಿನ್‌ಗಳು ಬಂದಿವೆ. ನೀನು ಬರ್ತೀನಿ ಅಂದ್ರೆ ಒಂದು ನಿಂಗೇ ಇಡ್ತೀನಿ. ಯೋಚನೆ ಮಾಡು."

ಸೊಸೆ ಬಾಗಿಲ ಕಡೆ ನೋಡಿದಳು. ಅತ್ತೆ ಕೈ ಒರೆಸುವ ನೆಪದಲ್ಲಿ ಸೆರಗು ಹಿಂಡುತ್ತಾ ನಿಂತಿದ್ದರು.

"ಬರೋಕಾಗಲ್ಲ ಮೇಡಂ" ಎಂದಳು ಸೊಸೆ. "ಇಲ್ಲಿ ನನ್ನನ್ನ ಬೈಯೋಕೆ ಈಗಷ್ಟೇ ಶುರು ಮಾಡಿದ್ದಾರೆ. ಮಧ್ಯದಲ್ಲಿ ಎದ್ದು ಬಂದ್ರೆ ಚೆನ್ನಾಗಿರಲ್ಲ."