ನಲವತ್ತೊಂದನೇ ನಿಮಿಷ

"ಇಲ್ಲಿ ನೋಡಿ, ನಲವತ್ತೊಂದನೇ ನಿಮಿಷ" ಎಂದು ನಮಿತಾ ಮೌಸ್ ಒತ್ತಿದಳು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದಿದ್ದ ಬಣ್ಣದ ಪಟ್ಟಿ ಹಿಗ್ಗಿತು. ಒಂದೊಂದು ಶಾಟಿಗೆ ಒಂದೊಂದು ಗೆರೆ. ಹತ್ತಿರದಿಂದ ತೆಗೆದದ್ದು ಕೆಂಪು, ದೂರದಿಂದ ತೆಗೆದದ್ದು ಹಸಿರು. ಶಾಟ್ ಎಷ್ಟು ಹೊತ್ತಿನದೋ ಗೆರೆ ಅಷ್ಟು ದಪ್ಪ. ಸಿನಿಮಾ ಉದ್ದಕ್ಕೂ ಕಂಬದಂಥ ಗೆರೆಗಳೇ. ಅಂಬಿಗನ ಹೆಂಡತಿ ಹೊಳೆದಂಡೆಯಲ್ಲಿ ಕಾಯುವ ಈ ಒಂದು ಜಾಗದಲ್ಲಿ ಮಾತ್ರ ಹನ್ನೊಂದು ಸಣ್ಣ ಗೆರೆಗಳು ಒತ್ತೊತ್ತಾಗಿ ನಿಂತಿದ್ದವು.

ಶಿರಸಿಯ ಸಿನಿಮಾ ಬಳಗದ ಇಪ್ಪತ್ತು ಮಂದಿ "ಓಹೋ" ಎಂದರು. ಇವರು ಯಾವುದಕ್ಕೂ ಓಹೋ ಎನ್ನುವವರೇ. ತಿಂಗಳಿಗೊಂದು ಭಾನುವಾರ ಸೇರುವುದು, ಅರ್ಧ ಸಿನಿಮಾಕ್ಕೆ ತೂಕಡಿಸುವುದು, ಅವಲಕ್ಕಿ ತಿಂದು "ಕಾವ್ಯಾತ್ಮಕ" ಎಂದು ಹೇಳಿ ಮನೆಗೆ ಹೋಗುವುದು. ಅಧ್ಯಕ್ಷ ನಾಗಪತಿ ಹೆಗಡೆಯವರಂತೂ "ಉಸಿರುಗಟ್ಟಿಸುವ ಲಯ" ಎಂಬ ಎರಡು ಪದಗಳ ಮೇಲೆ ಹದಿನೈದು ವರ್ಷ ಬಳಗ ನಡೆಸಿದ್ದರು. ಇವರ ಬಾಯಿ ಮುಚ್ಚಿಸಲೆಂದೇ ನಮಿತಾ ಕಂಪ್ಯೂಟರ್ ಕ್ಲಾಸಿನ ಕೆಲಸ ಮುಗಿದ ಮೇಲೆ ಏಳು ತಿಂಗಳು ಕೂತು ಈ ಪ್ರೋಗ್ರಾಮ್ ಬರೆದಿದ್ದಳು. ಶಾಟ್ ಬದಲಾದಲ್ಲೆಲ್ಲ ಸ್ಪೇಸ್ ಬಾರ್ ಒತ್ತಿ ಒತ್ತಿ ಹೆಬ್ಬೆರಳು ಊದಿತ್ತು.

"ಎಂತ ಕೂಸೇ, ಸಿನಿಮಾನ ಹಿಂಗೆ ಕೊಯ್ದ್ರೆ ಎಂತ ಸಿಗ್ತು?" ಎಂದರು ಹೆಗಡೆಯವರು. ಮರುಕ್ಷಣ ಧಾರವಾಡದ ಅತಿಥಿಯ ಕಡೆ ತಿರುಗಿ ಗ್ರಂಥದ ಕನ್ನಡಕ್ಕೆ ಬಂದರು. "ಈ ಜಾಗದ ಬಗ್ಗೆ ನಾನು ಹತ್ತು ವರ್ಷದ ಹಿಂದೆಯೇ ಬರೆದಿದ್ದೇನೆ ಸರ್."

ಅತಿಥಿ ಪ್ರೊಫೆಸರ್ ಶಿವಲಿಂಗಪ್ಪ ಹೆಗಡೆಯವರ ಕಡೆ ನೋಡಲೇ ಇಲ್ಲ. "ಛಲೋ ಅದರೀ ಇದು. ಚಾ ಕುಡದು ಬಂದು ಮತ್ತ ನೋಡೂಣು" ಎಂದರು. ಅವರ ವಿಭಾಗದಲ್ಲಿ ಇಂಥದ್ದೇ ಕೆಲಸಕ್ಕೆ ಒಂದು ಸಹಾಯಕ ಹುದ್ದೆ ಇತ್ತು. ಇವತ್ತು ಒಪ್ಪಿದರೆ ಅದು ನಮಿತಾಳಿಗೆ. ಇಲ್ಲವಾದರೆ ಮತ್ತೆ ಗುಮಾಸ್ತರ ಮಕ್ಕಳಿಗೆ ಟೈಪಿಂಗ್ ಕಲಿಸುವುದು, ಹೆಗಡೆಯವರ ಬಾಯಲ್ಲಿ ಕೂಸಾಗಿ ಉಳಿಯುವುದು.

ಚಹಾದ ಹೊತ್ತಿಗೆ ಕೇಬಲ್ ಮಂಜ ಅವಳ ಹತ್ತಿರ ಬಂದ. ಬಳಗಕ್ಕೆ ಕ್ಯಾಸೆಟ್ ಒದಗಿಸುವವನು, ವೈರು ಎಳೆಯುವವನು ಅವನೇ.

"ಅಕ್ಕೋರೆ, ಒಂದ್ ಮಾತು. ಆ ಹನ್ನೊಂದು ಡೈರೆಕ್ಟ್ರು ಮಾಡಿದ್ದಲ್ಲ. ನಾ ಮಾಡಿದ್ದು."

"ಎಂತ?"

"ಟೀವೀಲಿ ಬಂದಾಗ ನಾನೇ ರೆಕಾರ್ಡ್ ಮಾಡಿದ್ದಲ್ವಾ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಕರೆಂಟು ಬರೂದು, ನಾ ಮತ್ತೆ ರೆಕಾರ್ಡ್ ಬಟನ್ ಒತ್ತೂದು, ಮತ್ತೆ ಹೋಗೂದು. ಸಾಕಾಗಿ ಹೋಗಿತ್ತು ಮಾರಾಯ್ರೆ. ಮಧ್ಯ ಮಧ್ಯ ಚಿತ್ರ ಹಾರ್ತದಲ್ಲ, ನೀವು ನೋಡ್ಲಿಲ್ವಾ?"

ನೋಡಿದ್ದಳು. ನಿರ್ದೇಶಕನ ಉದ್ದೇಶಪೂರ್ವಕ ಒರಟುತನ ಎಂದು ಟಿಪ್ಪಣಿಯನ್ನೂ ಬರೆದಿದ್ದಳು.

"ಹೆಗಡೆಯವ್ರಿಗೆ ಹೇಳಿದ್ಯಾ ಮಂಜಣ್ಣ?" ಅವನನ್ನು ಅಣ್ಣ ಎಂದದ್ದು ಅದೇ ಮೊದಲು. ಅದು ಅವಳಿಗೂ ಕೇಳಿಸಿತು.

"ಅವ್ರು ಅದ್ರ ಮೇಲೆ ಲೇಖನ ಬರ್ದಾಗ ಹೇಳಕ್ಕೆ ಹೋಗಿದ್ದೆ. ನಿಂಗೆ ಇದೆಲ್ಲ ತಿಳಿಯೂದಿಲ್ಲ ಅಂದ್ರು. ಹಂಗಾರೆ ಇರ್ಲಿ ಅಂತ ಬಿಟ್ಟೆ." ಮಂಜ ನಕ್ಕ. "ಈಗ ನೀವು ಕಲ್ತೋರು, ಕಂಪ್ಯೂಟ್ರು ಬೇರೆ ಉಂಟು. ನಿಮಗಾದ್ರೂ ಹೇಳೋಣ ಅಂತ."

ಚಹಾ ಮುಗಿಯಿತು. ಶಿವಲಿಂಗಪ್ಪ ಕುರ್ಚಿಯನ್ನು ಗೋಡೆಯ ಸಮೀಪಕ್ಕೆ ಎಳೆದುಕೊಂಡರು.

"ಇದು ಪೂರಾ ಪ್ರತಿ ಹೌದಲ್ರೀ? ಯಾರೂ ಕೈಯಾಡ್ಸಿಲ್ಲಲ್ಲ?"

ಹಿಂದಿನ ಸಾಲಿನಲ್ಲಿ ಮಂಜ ಕೈಕಟ್ಟಿ ನಿಂತಿದ್ದ. ನಮಿತಾ ಅವನ ಕಡೆ ನೋಡಲಿಲ್ಲ. ಈ ಒಂದು ಜಾಗ ಬಿಟ್ಟರೆ ಆ ಸಿನಿಮಾದಲ್ಲಿ ತೋರಿಸಲು ಏನೂ ಇರಲಿಲ್ಲ. ಅದು ಮಹಾ ಬೋರು.

"ಇಲ್ಲ ಸರ್. ಪೂರ್ತಿ ಪ್ರತಿ."

"ಮತ್ತ ಇಷ್ಟು ತಣ್ಣಗ ಹೋಗೂ ಡೈರೆಕ್ಟರ್ ಇಲ್ಲೇ ಯಾಕ ಹಿಂಗ ಚೂರು ಮಾಡಿದ?"

ಅವಳು ಮೌಸಿನ ಬಾಣವನ್ನು ಆ ಹನ್ನೊಂದು ಗೆರೆಗಳ ಮೇಲೆ ತಂದಳು. "ಕಾಯುವವಳ ಮನಸ್ಸು ಸರ್. ಹೊರಗೆ ಹೊಳೆ ನಿಧಾನ, ಒಳಗೆ ಎಲ್ಲ ತುಂಡು ತುಂಡು. ಒಂಥರಾ..." ಮುಂದಿನ ಪದ ಬಾಯಿಗೆ ಬಂದಾಗ ತಡೆಯಲು ನೋಡಿದಳು, ಬೇರೆ ಪದ ಸಿಗಲಿಲ್ಲ. "ಒಂಥರಾ ಉಸಿರುಗಟ್ಟಿಸುವ ಲಯ."

ನಾಗಪತಿ ಹೆಗಡೆಯವರು ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆದೂಗಿದರು. ಶಿವಲಿಂಗಪ್ಪ ಡೈರಿ ತೆಗೆದು ಏನನ್ನೋ ಬರೆದುಕೊಂಡು, "ಜೂನ್ ಒಂದಕ್ಕ ಬಂದು ಬಿಡ್ರಿ" ಎಂದರು. ಇಪ್ಪತ್ತು ಮಂದಿ ಚಪ್ಪಾಳೆ ತಟ್ಟಿದರು. ಮಂಜನೂ ತಟ್ಟಿದ.

ಆಮೇಲೆ ಅವನು ವೈರು ಬಿಚ್ಚಲು ಗೋಡೆಯ ಹತ್ತಿರ ಹೋದ. ಹನ್ನೊಂದು ಗೆರೆಗಳು ಅವನ ಬಿಳಿ ಅಂಗಿಯ ಮೇಲೆ ಬಿದ್ದವು. ಮಂಜ ತಲೆ ಬಗ್ಗಿಸಿ ಎದೆಯನ್ನೊಮ್ಮೆ ನೋಡಿಕೊಂಡ. ಬೆಳಕಿಗೆ ಅಡ್ಡ ಬಂದೆನೆಂದು ಬೇಗ ಪಕ್ಕಕ್ಕೆ ಸರಿದ.