ಬಲಗಣ್ಣಿಗೆ ಕಂಡ ಗೆರೆ

ಲೆನ್ಸಿನ ಪಕ್ಕದ ತಿರುಪನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿ, ಲತಾಶ್ರೀ ಎಡಗಣ್ಣು ಮುಚ್ಚಿ ಗೋಡೆ ನೋಡಿದಳು. ಬರೀ ಚೌಕಗಳಿದ್ದ ಪರೀಕ್ಷೆಯ ಸ್ಲೈಡು ಗೋಡೆಯಗಲ ಬಿದ್ದಿತ್ತು. ನಡುವಿನ ಗೆರೆಯೊಂದು ಹೊಟ್ಟೆ ಉಬ್ಬಿಸಿಕೊಂಡಂತೆ ಬಾಗಿದ್ದುದು ಈಗ ಅಂತೂ ನೆಟ್ಟಗಾಗುತ್ತಿತ್ತು. ಅದರೊಂದಿಗಿನ ಗುದ್ದಾಟದಲ್ಲಿ ಡಬ್ಬಿಯ ಚಿತ್ರಾನ್ನ ಹಾಗೇ ಉಳಿದಿತ್ತು.

ಎಲ್ಕ್ ಗ್ರೋವ್ ವಿಲೇಜಿನ ಆ ಶೆಡ್ಡಿನಲ್ಲಿ ಕಂಪನಿಯ ಒಡೆಯ ವಿಜಯ್ ಕುಮಾರ್ ರಂಗಭೂಮಿಗೆಂದೇ ಹೊಸ ಸ್ಲೈಡ್ ಪ್ರೊಜೆಕ್ಟರ್ ಮಾಡಿಸುತ್ತಿದ್ದ. ಗಾಜಿನ ಸ್ಲೈಡಿನ ಮೇಲೆ ಬರೆದ ಕಾಡೋ ಅರಮನೆಯೋ ನಟರ ಮೇಲಿನ ದೀಪಗಳಿಗೂ ಮಸುಕಾಗದೆ ಪರದೆಯ ತುಂಬ ಮೂಡಬೇಕು. ಅದಕ್ಕಾಗಿ ಹಳೆಯ ಬಲ್ಬಿನ ಜಾಗಕ್ಕೆ ಲೇಸರ್ ಬಂದಿತ್ತು. ಶನಿವಾರ ಸ್ಟರ್ಲಿಂಗ್ ಹೈಟ್ಸಿನಲ್ಲಿ ಕನ್ನಡ ನಾಟಕ; ಯಂತ್ರ ನೋಡಲು ಡೆಟ್ರಾಯಿಟ್ ಕಡೆಯ ಥಿಯೇಟರಿನವರು ಬರುವವರಿದ್ದರು. ಅವರು ಒಪ್ಪಿದರಷ್ಟೇ ಕಂಪನಿ ಉಳಿಯುತ್ತಿತ್ತು, ಕಂಪನಿಯ ಜೊತೆ ಲತಾಶ್ರೀಯ ವೀಸಾ. ಕೆಲಸ ಕಳೆದುಕೊಂಡು ನೇಪರ್‌ವಿಲ್‌ನ ಮನೆಯಲ್ಲಿ ಕೂತಿದ್ದ ಗಂಡ ಚೇತನ್, ಶಾಲೆಗೆ ಹೋಗುವ ಮಗಳು, ಇಬ್ಬರೂ ಈ ದೇಶದಲ್ಲಿದ್ದುದು ಅದರ ಆಸರೆಯಲ್ಲೇ.

ವಿಜಯ್ ಕುಮಾರ್ ಒಳಬಂದವನೇ ಗೋಡೆ ನೋಡಿ ನಿಂತುಬಿಟ್ಟ.

"ಏನ್ರೀ ಲತಾ, ಸುಟ್ಟ ಹಪ್ಪಳದ ಥರ ಮಾಡಿಟ್ಟಿದೀರಲ್ಲ! ಬೆಳಿಗ್ಗೆ ನೆಟ್ಟಗಿತ್ತು."

"ನಡುವೆ ಬಾಗಿತ್ತು ಸರ್. ಸರಿ ಮಾಡ್ತಿದ್ದೆ."

"ಬಾಗಿರೋದು ಈಗ! ಕನ್ನಡಕ ಬದಲಾಯಿಸ್ಕೊಳ್ಳಿ ತಾಯಿ, ವಯಸ್ಸಾಯ್ತು."

ಅವನು ನಗುತ್ತ ಫೋನೆತ್ತಿಕೊಂಡ. ಲತಾಶ್ರೀ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದಳು. ಗೆರೆ ಡೊಂಕಾಗಿತ್ತು. ಬಲಗಣ್ಣಲ್ಲಿ ನೋಡಿದಳು. ನೆಟ್ಟಗಿತ್ತು, ಆದರೆ ನಡುವೆ ಹೆಬ್ಬೆರಳು ಒತ್ತಿದಷ್ಟು ಬೂದು ಕಲೆ. ಇಷ್ಟು ಹೊತ್ತು ಅವಳು ತನ್ನ ಕಣ್ಣಿನ ಡೊಂಕನ್ನು ಲೆನ್ಸಿನಲ್ಲಿ ತಿದ್ದುತ್ತಿದ್ದಳು.

ಹೋದ ವಾರ ಸ್ಲೈಡಿನ ತಟ್ಟೆ ಎಳೆದಾಗ, ಬೆಳಕನ್ನು ಮುಚ್ಚಬೇಕಾದ ಶಟರ್ ಕಾದು ಅರೆಕ್ಷಣ ಅಂಟಿಕೊಂಡಿತ್ತು. ಬೆಳಕು ನೇರ ಬಲಗಣ್ಣಿಗೆ ಹೊಡೆದಿತ್ತು. ಶಟರಿನ ವಿಷಯ ಹೇಳಿದ್ದಳು, ಕಣ್ಣಿನದು ಹೇಳಿರಲಿಲ್ಲ. "ಶೋ ಮುಗೀಲಿ, ನೋಡೋಣ" ಎಂದಿದ್ದ ವಿಜಯ್.

ಫೋನಿನ ಸ್ಪೀಕರಿನಲ್ಲಿ ಸತ್ಯನಾರಾಯಣ ಅಂಕಲ್ ಗದ್ದಲ ಮಾಡುತ್ತಿದ್ದರು. ಸ್ಟರ್ಲಿಂಗ್ ಹೈಟ್ಸಿನ ಈ ನಿವೃತ್ತ ಎಂಜಿನಿಯರೇ ಶನಿವಾರ ಸ್ಲೈಡು ಬದಲಿಸುವವರು.

"ದೋಸೆ ಮಗುಚಿ ಹಾಕಿರೋ ಕೈ ಕಣಯ್ಯಾ ಇದು, ಸ್ಲೈಡ್ ಯಾವ ಲೆಕ್ಕ? ಎರಡೂ ಕಣ್ಣಿನ ಪೊರೆ ತೆಗೆಸಿದೀನಿ. ಈಗ ಹದ್ದಿನ ಕಣ್ಣು!"

"ಸರ್," ಎಂದಳು ಲತಾಶ್ರೀ, "ಶಟರ್ ಇನ್ನೂ ಅಂಟುತ್ತೆ. ಅಂಕಲ್‌ಗೆ ಕಪ್ಪು ಕನ್ನಡಕ ಕೊಡೋಣ."

ವಿಜಯ್ ಫೋನನ್ನು ಕೈಯಿಂದ ಮುಚ್ಚಿದ. "ಥಿಯೇಟರ್‌ನೋರ ಎದುರಿಗಾ? ಅಪಾಯ ಇದೆ ಅಂತ ನಾವೇ ಬೋರ್ಡ್ ಹಾಕ್ಕೊಂಡಂಗೆ. ಅಷ್ಟು ಭಯ ಇದ್ರೆ ಹೇಳಿ, ಕ್ಯಾನ್ಸಲ್ ಮಾಡ್ತೀನಿ. ಆಮೇಲೆ ನಿಮ್ಮ ಪೇಪರ್ಸ್ ಯಾವ ಕಂಪನಿಯಿಂದ ಫೈಲ್ ಮಾಡ್ಲಿ?"

ಕ್ಯಾನ್ಸಲ್ ಮಾಡಿ ಎಂದರೆ ಸಾಕಿತ್ತು. ಅವಳು ಬಾಯಿ ತೆರೆದಳು. ಈಚೆಗೆ ಅವಳ ಕಾರಿನ ಸದ್ದಾದರೆ ಚೇತನ್ ಸೋಫಾ ಬಿಟ್ಟೆದ್ದು ಪಾತ್ರೆ ತೊಳೆಯಲು ನಿಲ್ಲುತ್ತಿದ್ದ, ಇಡೀ ದಿನ ಅದೇ ಮಾಡಿದವನಂತೆ. ಆ ಬೆನ್ನು ಕಣ್ಣೆದುರು ಬಂತು.

"ಅಂಕಲ್ ಆರಾಮಾಗಿ ನಾಟಕ ನೋಡ್ಲಿ ಸರ್. ಸ್ಲೈಡ್ ನಾನೇ ಬದಲಾಯಿಸ್ತೀನಿ."

"ಅದೂ ಮಾತು!" ಎಂದ ವಿಜಯ್.

ಅವನು ಹೊರಗೆ ಹೋದಮೇಲೆ ಲತಾಶ್ರೀ ತಿರುಪುಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸತೊಡಗಿದಳು, ಈ ಸಲ ಎಡಗಣ್ಣಲ್ಲಿ ನೋಡುತ್ತ. ಕತ್ತಲಲ್ಲಿ ಗಾಜು ಕೂರಿಸಲು ಒಂದು ಕಣ್ಣಾದರೂ ತೆರೆದಿರಬೇಕು. ಶನಿವಾರ ತಟ್ಟೆ ಎಳೆಯುವಾಗ ಪ್ರತಿ ಸಲವೂ ಎಡಗಣ್ಣು ಮುಚ್ಚಿಕೊಂಡು, ಹೇಗೂ ಕೆಟ್ಟಿರುವ ಬಲಗಣ್ಣನ್ನೇ ಬೆಳಕಿಗೆ ಒಡ್ಡುವುದೆಂದು ಅವಳು ನಿಶ್ಚಯಿಸಿದಳು. ಕಣ್ಣಿನ ವಿಷಯ ಚೇತನ್‌ಗೂ ಹೇಳುವುದು ಬೇಡ.